ಭಕ್ತಿಚಿತ್ರ ಓದಲು ಕಲಿಯುವವರು ಮೊದಲು ಎಲ್ಲಿಗೆ ಹೋಗಬೇಕು? ಮಂಗಳೂರು, ಪಾದುವಾ, ವೆನಿಸ್, ರೋಮ್, ಲಂಡನ್

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್, ಅಂದರೆ ಆ ಸಂತನ ಹೆಸರಿನ ಪ್ರಾರ್ಥನಾ ಮಂದಿರ, ನೋಡಿ ಬಂದವರೆಲ್ಲ ಚೆಂದವಿದೆ ಎನ್ನುತ್ತಾರೆ. ಚಿತ್ರದಲ್ಲಿ ಆ ಯುವ ಸಂತನ ಪಕ್ಕದಲ್ಲಿ ಲಿಲಿ ಹೂ ಯಾಕಿದೆ, ಕಿರೀಟ ತಲೆಯ ಮೇಲಿರದೆ ಕೆಳಗೆ ಯಾಕಿದೆ ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಇಟಲಿ ಪ್ರವಾಸ ಮುಗಿಸಿದವರ ಪಾಡೂ ಹೆಚ್ಚುಕಡಿಮೆ ಇದೇ. ನಾಲ್ಕು ದಿನದಲ್ಲಿ ಇಪ್ಪತ್ತು ಚರ್ಚು ಸುತ್ತಿದ ಮೇಲೆ ಮೇರಿ ಮಾತೆಯ ಮುಖಗಳೆಲ್ಲ ಒಂದೇ ಥರ ಕಾಣತೊಡಗುತ್ತವೆ. ಹಾಗಾಗಿ ಹೊರಡುವ ಮುಂಚೆ ಹಲವರು ಕೇಳುತ್ತಾರೆ: ಎಲ್ಲವನ್ನೂ ನೋಡಲು ಸಮಯವೂ ದುಡ್ಡೂ ಇಲ್ಲ, ಒಂದೆರಡು ಜಾಗ ಮಾತ್ರ ಆರಿಸಿಕೊಳ್ಳುವುದಾದರೆ ಯಾವುದು?

ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಹೇಗೆ ಅಳೆಯಬೇಕು ಎಂಬುದನ್ನು ಹೇಳಬಹುದು. ನಮ್ಮ ಹಳೆಯ ದೇವಸ್ಥಾನಕ್ಕೆ ಹೋದಾಗ ಮೂರ್ತಿ ನೋಡಿ, ಅಂಗಳದ ಶಾಸನದಲ್ಲಿ ದತ್ತಿ ಬಿಟ್ಟವರು ಯಾರೆಂದೂ ಓದಿದರೆ ಆ ಜಾಗ ಪೂರ್ತಿ ಅರ್ಥವಾಗುತ್ತದಲ್ಲವೇ? ಚರ್ಚಿನ ಚಿತ್ರವೂ ಹಾಗೆಯೇ. ಸಂಕೇತಗಳ ಪಟ್ಟಿ ಬಾಯಿಪಾಠ ಮಾಡಿದರೆ ಅರ್ಧ ಕೆಲಸ ಆದಂತೆ. ಈ ಸಂಕೇತ ಇದೇ ಗೋಡೆಗೆ ಯಾಕೆ ಬಂತು ಎನ್ನುವ ಉಳಿದರ್ಧ ದುಡ್ಡು ಕೊಟ್ಟವರ ಹತ್ತಿರ ಇದೆ.

ಅಳೆಯುವುದು ಹೇಗೆ

ಮೊದಲು ನೋಡಬೇಕಾದದ್ದು, ಚಿತ್ರ ಯಾವ ಬಲಿಪೀಠಕ್ಕಾಗಿ (ಚರ್ಚಿನಲ್ಲಿ ಪೂಜೆ ನಡೆಯುವ ಪೀಠ) ಹುಟ್ಟಿತೋ ಅಲ್ಲೇ ಇದೆಯೇ ಎಂಬುದು. ಬಲಿಪೀಠದ ಚಿತ್ರವನ್ನು ಅದು ನಿಲ್ಲುವ ಎತ್ತರ, ಕಿಟಕಿಯ ಬೆಳಕು, ಜನ ನಡೆದು ಬರುವ ದಿಕ್ಕು ಇವನ್ನೆಲ್ಲ ಲೆಕ್ಕ ಹಾಕಿಯೇ ಬರೆದಿರುತ್ತಾರೆ. ಮ್ಯೂಸಿಯಂಗೆ ಹೋದ ಚಿತ್ರಕ್ಕೆ ಆ ಲೆಕ್ಕ ತಪ್ಪುತ್ತದೆ. ಎರಡನೆಯದು, ಬರೆಸಿದವರು ಯಾರೆಂಬ ದಾಖಲೆ ಇದೆಯೇ, ಅವರು ಚಿತ್ರದೊಳಗೇ ಕಾಣುತ್ತಾರೆಯೇ. ಮೂರನೆಯದು, ಸಂಕೇತಗಳು ಬರಿಗಣ್ಣಿಗೆ ಎಟುಕುತ್ತವೆಯೇ. ಇಪ್ಪತ್ತು ಮೀಟರ್ ಎತ್ತರದ ಛಾವಣಿಯಲ್ಲಿ ಕಲಿಯುವುದು ಕಷ್ಟ. ಕೊನೆಗೆ ಖರ್ಚು, ಸಿಗುವ ಸಮಯ, ಬೆಳಕು.

ಬಣ್ಣವೂ ದುಡ್ಡಿನ ಮಾತೇ. ಫ್ಲಾರೆನ್ಸಿನ ಅನಾಥ ಮಕ್ಕಳ ಆಶ್ರಮಕ್ಕಾಗಿ ಚಿತ್ರಕಾರ ಗಿರ್ಲಾಂದಾಯೊ 1485ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಒಟ್ಟು ಸಂಭಾವನೆ 115 ಫ್ಲೋರಿನ್ (ಆಗಿನ ಚಿನ್ನದ ನಾಣ್ಯ) ಎಂದಿದೆ, ಜೊತೆಗೆ ನೀಲಿ ಬಣ್ಣ ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು ಎಂಬ ಷರತ್ತೂ ಇದೆ. ಅದು ದೂರದ ಅಫ್ಘಾನಿಸ್ತಾನದ ಕಲ್ಲನ್ನು ಅರೆದು ತೆಗೆಯುತ್ತಿದ್ದ ನೀಲಿ. ಮೇರಿ ಮಾತೆಯ ಮೇಲುವಸ್ತ್ರ ನೀಲಿ ಆಗಿರುವುದರಲ್ಲಿ ಸ್ವರ್ಗದ ಸೂಚನೆ ಎಷ್ಟಿದೆಯೋ ದಾನಿ ಕೊಟ್ಟ ಕಾಣಿಕೆಯ ತೂಕವೂ ಅಷ್ಟೇ ಇದೆ.

ಎಲ್ಲಿಗೇ ಹೋದರೂ ಕೆಲವು ಗುರುತುಗಳು ತಿಳಿದಿರಲಿ. ಬೀಗದ ಕೈ ಇದ್ದರೆ ಪೇತ್ರ, ಕತ್ತಿ ಹಿಡಿದಿದ್ದರೆ ಪೌಲ, ಮುರಿದ ಚಕ್ರ ಇದ್ದರೆ ಕ್ಯಾಥರೀನ್, ಸಿಂಹವೂ ಕೆಂಪು ಟೋಪಿಯೂ ಇದ್ದರೆ ಜೆರೋಮ್. ಕೈಯಲ್ಲಿ ತಾಳೆಗರಿ ಇದ್ದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರು. ಇನ್ನು ದಾನಿಯನ್ನು ಗುರುತಿಸಲು: ಮೊಣಕಾಲೂರಿ, ಕೈ ಜೋಡಿಸಿ, ಪಕ್ಕಕ್ಕೆ ಮುಖ ಮಾಡಿರುತ್ತಾನೆ. ತಲೆಯ ಸುತ್ತ ಪ್ರಭಾವಳಿ ಇರುವುದಿಲ್ಲ, ಬಟ್ಟೆ ಚಿತ್ರ ಬರೆದ ಕಾಲದ್ದು. ಹತ್ತಿರದಲ್ಲೇ ಮನೆತನದ ಲಾಂಛನ ಹುಡುಕಿ. ಹೊಸಬರು ಎಡವುವುದು ಒಂದು ಗುರುತಿಗೆ ಒಂದೇ ಅರ್ಥ ಎಂದುಕೊಂಡಾಗ. ಲಿಲಿ ಹೂ ದೇವದೂತ ಗಬ್ರಿಯೇಲನ ಕೈಯಲ್ಲಿದ್ದರೆ ಮೇರಿ ಮಾತೆಯ ನಿರ್ಮಲತೆಯನ್ನು ಹೇಳುತ್ತದೆ, ಪಾದುವಾದ ಅಂತೋಣಿ, ಅಲೋಶಿಯಸ್ ಅಥವಾ ಜೋಸೆಫರ ಬಳಿ ಇದ್ದರೆ ಅವರದೇ ಬ್ರಹ್ಮಚರ್ಯವನ್ನು. ಹೂವನ್ನು ನೋಡಿ ಆಳನ್ನು ತೀರ್ಮಾನಿಸಬಾರದು, ಪಕ್ಕದ ಎರಡು ಗುರುತುಗಳೂ ಕೂಡಿ ಬರಬೇಕು.

ಮಂಗಳೂರು: ದಾನಿಯಿಲ್ಲದ ಚಿತ್ರ

ಕರ್ನಾಟಕದಲ್ಲಿ ಇರುವವರು ಇಲ್ಲಿಂದಲೇ ಶುರು ಮಾಡಬೇಕು. ಖರ್ಚು ಮಂಗಳೂರಿಗೆ ಹೋಗಿ ಬರುವಷ್ಟು, ಸಮಯ ಅರ್ಧ ದಿನ. ಇಟಲಿಯ ಯೇಸುಸಭೆಯ (ಜೆಸ್ಯೂಟ್ ಎಂಬ ಕಥೊಲಿಕ ಸನ್ಯಾಸಿ ಸಂಘ) ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು, 1880ರಲ್ಲಿ ಕಾಲೇಜು ತೆರೆದರು, ಆ ದಶಕದಲ್ಲೇ ಚಾಪೆಲ್ ಎದ್ದಿತು. ಬೆರ್ಗಾಮೊ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದ ಚಿತ್ರಕಾರ ಅಂತೋನಿಯೊ ಮೊಸ್ಕೆನಿ 1899ರ ಹೊತ್ತಿಗೆ ಇಲ್ಲಿಗೆ ಬಂದು, ಸುಮಾರು ಎರಡು ವರ್ಷದಲ್ಲಿ ಗೋಡೆ, ಕಮಾನು, ಛಾವಣಿ ಯಾವುದನ್ನೂ ಖಾಲಿ ಬಿಡದೆ ಬರೆದರು. ಗೋಡೆಯದು ಹಸಿ ಸುಣ್ಣದ ಗಾರೆಯ ಮೇಲಿನ ಭಿತ್ತಿಚಿತ್ರ, ಛಾವಣಿಯದು ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಈ ವ್ಯತ್ಯಾಸವನ್ನು ಕಣ್ಣಾರೆ ನೋಡಿ ಕಲಿಯಲು ಇದಕ್ಕಿಂತ ಹತ್ತಿರದ ಜಾಗ ನಮಗಿಲ್ಲ. ಹಸಿ ಗಾರೆಯಲ್ಲಿ ಸುಣ್ಣ ಗಟ್ಟಿಯಾಗುವಾಗ ಬಣ್ಣವೂ ಗೋಡೆಯೊಳಗೇ ಸೇರಿಕೊಳ್ಳುತ್ತದೆ, ಹೊಳಪು ಇರುವುದಿಲ್ಲ. ಎಣ್ಣೆಬಣ್ಣ ಬಟ್ಟೆಯ ಮೇಲೆ ಪದರವಾಗಿ ಕೂರುತ್ತದೆ, ನೆರಳುಗಳು ಆಳವಾಗಿ ಕಾಣುತ್ತವೆ.

ಸಂಕೇತಗಳ ವಿಷಯದಲ್ಲಿ ಅಲೋಶಿಯಸ್ ಗೊನ್ಜಾಗಾ ಒಳ್ಳೆಯ ಮೊದಲ ಪಾಠ. ಈತ 1568ರಲ್ಲಿ ಹುಟ್ಟಿದ ದೊಡ್ಡ ಮನೆತನದ ಹಿರಿಮಗ. ಆಳುವ ಹಕ್ಕನ್ನು ತಮ್ಮನಿಗೆ ಬಿಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ, 23ರ ವಯಸ್ಸಿನಲ್ಲಿ ತೀರಿಕೊಂಡ. ಕೆಳಗಿಟ್ಟ ಕಿರೀಟ, ಲಿಲಿ, ಶಿಲುಬೆ, ತಲೆಬುರುಡೆ, ಕಪ್ಪು ನಿಲುವಂಗಿಯ ಮೇಲಿನ ಬಿಳಿ ಮೇಲಂಗಿ ಇವು ಈತನ ಚಿತ್ರಗಳ ರೂಢಿಯ ಗುರುತುಗಳು. ಇವನ್ನು ಒಂದೊಂದಾಗಿ ಹುಡುಕಿ.

ಕೊರತೆ ಎಂದರೆ ಇಲ್ಲಿ ದಾನಿಯ ಪಾಠ ಸಿಗುವುದಿಲ್ಲ. ಬರೆಸಿದ್ದು ಯೇಸುಸಭೆ, ಬರೆದವರು ಅದೇ ಸಭೆಯ ಬ್ರದರ್. ಹೊರಗಿನ ಶ್ರೀಮಂತನೊಬ್ಬ ಲಾಂಛನ ಹಾಕಿಸಿ, ಮೂಲೆಯಲ್ಲಿ ಮೊಣಕಾಲೂರಿ ಕೂರುವ ಸಂಗತಿ ಇಲ್ಲ. ಬದಲಿಗೆ ಒಂದು ಧಾರ್ಮಿಕ ಸಂಸ್ಥೆ ತನ್ನ ಕಾಲೇಜಿನ ಹುಡುಗರಿಗೆ ಯಾವ ಸಂತನನ್ನು ಮಾದರಿಯಾಗಿ ತೋರಿಸಿತು ಎನ್ನುವುದು ಕಾಣುತ್ತದೆ. ಚಿಕ್ಕ ವಯಸ್ಸಿನಲ್ಲೇ ಅಧಿಕಾರ ಬಿಟ್ಟ ಯುವಕನಿಗಿಂತ ತಕ್ಕ ಆಯ್ಕೆ ಇರಲಿಲ್ಲ. ಹೋಗುವ ಮುಂಚೆ ಭೇಟಿಯ ಸಮಯವನ್ನೂ ಫೋಟೊ ತೆಗೆಯಬಹುದೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಬೆಂಚಿನ ಮೇಲೆ ಕೂತು, ಚಿಕ್ಕ ಬೈನಾಕ್ಯುಲರ್ ಹಿಡಿದು ಛಾವಣಿ ನೋಡಿದರೆ ಕುತ್ತಿಗೆ ನೋಯುವುದಿಲ್ಲ.

ಪಾದುವಾ: ಬಡ್ಡಿಯ ದುಡ್ಡು, ಹದಿನೈದು ನಿಮಿಷ

ದಾನಿ ಮತ್ತು ಸಂಕೇತ ಎರಡೂ ಒಂದೇ ಕೋಣೆಯಲ್ಲಿ ಬೇಕೆನ್ನುವವರಿಗೆ ಉತ್ತರ ಇಟಲಿಯ ಪಾದುವಾ ಊರಿನ ಸ್ಕ್ರೊವೇನ್ಯಿ ಚಾಪೆಲ್. ಎನ್ರಿಕೊ ಸ್ಕ್ರೊವೇನ್ಯಿ 1300ರಲ್ಲಿ ಜಾಗ ಕೊಂಡ, 1305ರ ಮಾರ್ಚ್ 25ರಂದು ಚಾಪೆಲ್ ಪ್ರತಿಷ್ಠೆಯಾಯಿತು. ಒಳಗೆಲ್ಲ ಚಿತ್ರಕಾರ ಜೊತ್ತೊ ಬರೆದ. ಎನ್ರಿಕೊನ ತಂದೆ ರೆಜಿನಾಲ್ಡೊ ಬಡ್ಡಿ ವ್ಯವಹಾರಕ್ಕೆ ಕುಖ್ಯಾತ. ಇಟಲಿಯ ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ಬಡ್ಡಿಯವರ ನಡುವೆ ಕೂರಿಸಿ, ಬಿಳಿ ಚೀಲದ ಮೇಲಿನ ನೀಲಿ ಹಂದಿಯ ಲಾಂಛನದಿಂದ ಗುರುತು ಹೇಳುವುದು ಇದೇ ಮನೆತನದವನನ್ನು. ಆ ಕಾಲದ ಧರ್ಮಸಭೆಗೆ ಬಡ್ಡಿ ಘೋರ ಪಾಪ.

ಇದನ್ನು ತಿಳಿದು ಒಳಗೆ ಹೋದರೆ ಗೋಡೆಗಳು ಮಾತಾಡುತ್ತವೆ. ಬಾಗಿಲ ಗೋಡೆಯ ಕೊನೆಯ ತೀರ್ಪಿನ ಚಿತ್ರದಲ್ಲಿ, ಸ್ವರ್ಗಕ್ಕೆ ಹೋಗುವವರ ಕಡೆ, ಎನ್ರಿಕೊ ಪಶ್ಚಾತ್ತಾಪದ ನೇರಳೆ ಬಟ್ಟೆ ಉಟ್ಟು ಚಾಪೆಲಿನ ಮಾದರಿಯನ್ನು ಮೇರಿ ಮಾತೆಗೆ ಒಪ್ಪಿಸುತ್ತಿದ್ದಾನೆ. ಅದೇ ಗೋಡೆಯ ನರಕದಲ್ಲಿ ಬಡ್ಡಿಯವರು ತಮ್ಮ ಹಣದ ಚೀಲದ ದಾರಕ್ಕೇ ನೇತು ಬಿದ್ದಿದ್ದಾರೆ. ಬಲಿಪೀಠದ ಕಮಾನಿನ ಎಡಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ, ಹಳದಿ ಬಟ್ಟೆಯವನು, ಮೂವತ್ತು ನಾಣ್ಯದ ಚೀಲ ತೆಗೆದುಕೊಳ್ಳುತ್ತಾನೆ, ಬೆನ್ನಿಗೆ ಸೈತಾನ. ಕೆಳಸಾಲಿನಲ್ಲಿ ಕಲ್ಲಿನ ಶಿಲ್ಪದ ಹಾಗೆ ಕಾಣುವಂತೆ ಬರೆದ ಏಳು ಪುಣ್ಯ, ಏಳು ಪಾಪಗಳಿವೆ. ಅಸೂಯೆಯ ಬಾಯಿಂದ ಹೊರಟ ಹಾವು ತಿರುಗಿ ಅವಳದೇ ಕಣ್ಣಿಗೆ ಬರುತ್ತದೆ, ಕೈ ಹಣದ ಚೀಲವನ್ನು ಬಿಗಿಹಿಡಿದಿದೆ. ಎದುರಿಗಿರುವ ಔದಾರ್ಯ ಹಣದ ಚೀಲಗಳನ್ನು ಮೆಟ್ಟಿ ನಿಂತು ತನ್ನ ಹೃದಯವನ್ನೇ ದೇವರಿಗೆ ಕೊಡುತ್ತಿದ್ದಾಳೆ. ಚಾಪೆಲ್ ಅರ್ಪಿತವಾಗಿರುವುದು ಔದಾರ್ಯದ ಮೇರಿ ಮಾತೆಗೆ. ಇಷ್ಟು ನೇರವಾಗಿ ದಾನಿಯ ಅಳುಕನ್ನು ಹೇಳುವ ಗೋಡೆ ಬೇರೆ ಸಿಗುವುದು ಕಷ್ಟ. ಪಕ್ಕದ ಎರೆಮಿತಾನಿ ಸನ್ಯಾಸಿಗಳು ಮಾತ್ರ ಇದು ದೇವರಿಗಿಂತ ಒಣ ಹೆಮ್ಮೆಗಾಗಿ ಕಟ್ಟಿದ್ದು ಎಂದು 1305ರಲ್ಲೇ ದೂರು ಕೊಟ್ಟರು.

ತೊಂದರೆ ಸಮಯದ್ದು. ಗಾಳಿ ನಿಯಂತ್ರಿಸಿದ ಕೋಣೆಯಲ್ಲಿ 15 ನಿಮಿಷ ಕೂರಿಸಿ, ನಂತರ ಚಾಪೆಲಿನ ಒಳಗೆ ಬಿಡುವುದು ಸಾಮಾನ್ಯವಾಗಿ 15 ನಿಮಿಷ. ಮುಂಗಡ ಬುಕಿಂಗ್ ಇಲ್ಲದೆ ಹೋದರೆ ಹಿಂದಿರುಗಬೇಕಾದೀತು, ತಡವಾಗಿ ಹೋದರೂ ಸರದಿ ತಪ್ಪುತ್ತದೆ. ಯೇಸುವಿನ ಜೀವನದ ದೃಶ್ಯಗಳನ್ನು ಮನೆಯಲ್ಲೇ ಚಿತ್ರಗಳಲ್ಲಿ ನೋಡಿಕೊಂಡು, ಒಳಗೆ ಹೋದಾಗ ಬಾಗಿಲ ಗೋಡೆ, ಕಮಾನು, ಕೆಳಸಾಲು ಈ ಮೂರಕ್ಕೆ ಐದೈದು ನಿಮಿಷ ಇಡಿ. ಒಂದು ಎಚ್ಚರಿಕೆ: ನೀಲಿಯನ್ನು ಗಾರೆ ಒಣಗಿದ ಮೇಲೆ ಹಚ್ಚಿದ್ದರಿಂದ ಹಲವೆಡೆ ಅದು ಉದುರಿಹೋಗಿದೆ. ಮೇರಿ ಮಾತೆಯ ಬಟ್ಟೆ ಬೂದಿ ಬಣ್ಣಕ್ಕೆ ಕಂಡರೆ ಅದರಲ್ಲಿ ಅರ್ಥ ಹುಡುಕಬೇಡಿ, ಅದು ಉದುರಿದ ನೀಲಿ.

ವೆನಿಸ್: ಒಂದು ಮನೆತನ, ಎರಡು ಚಿತ್ರ

ಸಮಯದ ಹಂಗಿಲ್ಲದೆ ನಿಧಾನವಾಗಿ ಕಲಿಯಬೇಕು ಎನ್ನುವವರಿಗೆ ಈ ಐದರಲ್ಲಿ ವೆನಿಸ್ಸಿನ ಫ್ರಾರಿ ಚರ್ಚೇ ಉತ್ತಮ. ಸಣ್ಣ ಟಿಕೆಟ್ ಇದೆ, ಒಳಗೆ ಹೋದ ಮೇಲೆ ಬೇಕಾದಷ್ಟು ಹೊತ್ತು ಇರಬಹುದು. ಇದು ಫ್ರಾನ್ಸಿಸ್ಕನ್ನರ, ಅಂದರೆ ಸಂತ ಫ್ರಾನ್ಸಿಸ್ ಕಟ್ಟಿದ ಸನ್ಯಾಸಿ ಸಂಘದವರ ಚರ್ಚು. ಮುಖ್ಯ ಬಲಿಪೀಠದ ಮೇಲೆ ಚಿತ್ರಕಾರ ತಿತ್ಸಿಯಾನೊ 1516–18ರಲ್ಲಿ ಬರೆದ, ಸುಮಾರು ಏಳು ಮೀಟರ್ ಎತ್ತರದ ಮೇರಿ ಮಾತೆಯ ಸ್ವರ್ಗಾರೋಹಣ ಇದೆ. ಎಲ್ಲರೂ ಅದನ್ನು ನೋಡಿ ಹೊರಡುತ್ತಾರೆ. ಕಲಿಯಲು ಬಂದವರು ಎಡಬದಿಯ ಪೆಸಾರೊ ಬಲಿಪೀಠದ ಮುಂದೆ ನಿಲ್ಲಬೇಕು.

ತಿತ್ಸಿಯಾನೊಗೇ 1519ರಲ್ಲಿ ಬರೆಯಲು ಹೇಳಿ, 1526ರಲ್ಲಿ ಇಟ್ಟ ಚಿತ್ರ ಇದು. ಎಡಕ್ಕೆ ಮೊಣಕಾಲೂರಿದವನು ಬಿಷಪ್ ಯಾಕೊಪೊ ಪೆಸಾರೊ. ಪೋಪರ ನೌಕಾಪಡೆಯ ನಾಯಕನಾಗಿ 1502ರಲ್ಲಿ ಸಾಂತಾ ಮೌರಾ ದ್ವೀಪದಲ್ಲಿ ತುರ್ಕರನ್ನು ಸೋಲಿಸಿದವನು. ಅವನ ಹಿಂದಿನ ಕೆಂಪು ಬಾವುಟ ನೋಡಿ: ದೊಡ್ಡದಾಗಿ ಯುದ್ಧದ ಕಾಲದ ಪೋಪ್, ಬೋರ್ಜಾ ಮನೆತನದ 6ನೇ ಅಲೆಕ್ಸಾಂಡರರ ಲಾಂಛನ, ಜೊತೆಗೆ ಪೆಸಾರೊ ಮನೆತನದ್ದು. ಅಲ್ಲೇ ಪೇಟ ಸುತ್ತಿದ ಸೆರೆಯಾಳು. ನಡುವೆ ಪೇತ್ರ, ಅವನ ಬೀಗದ ಕೈ ಮೆಟ್ಟಿಲ ಮೇಲೆ. ಪೋಪರ ಪರವಾಗಿ ಹೋರಾಡಿದವನನ್ನು ಮೊದಲ ಪೋಪ್ ಆದ ಪೇತ್ರನೇ ಮೇರಿ ಮಾತೆಯ ಮುಂದೆ ನಿಲ್ಲಿಸುವಂತಿದೆ. ಬಲಕ್ಕೆ ಗಾಯದ ಗುರುತುಳ್ಳ ಕೈ ಚಾಚಿದ ಫ್ರಾನ್ಸಿಸ್, ಅವನ ಹಿಂದೆ ಅಂತೋಣಿ. ಚರ್ಚಿನ ಒಡೆಯರಿಗೂ ಪಾಲು ಬಂತು. ಕೆಳಗೆ ಮನೆಯ ಗಂಡಸರು ಸಾಲಾಗಿ ಕೂತಿದ್ದಾರೆ, ಅವರಲ್ಲಿ ಒಬ್ಬ ಹುಡುಗ ಮಾತ್ರ ತಿರುಗಿ ನಮ್ಮನ್ನೇ ನೋಡುತ್ತಾನೆ. ಮೇರಿ ಮಾತೆ ನಡುವೆ ಇರದೆ ಬಲಕ್ಕೆ, ಎತ್ತರದಲ್ಲಿ ಇರುವುದು ಯಾಕೆಂದು ಗೊತ್ತಾಗಬೇಕಾದರೆ ಹಿಂದಿನ ಬಾಗಿಲಿಗೆ ಹೋಗಿ, ಅಲ್ಲಿಂದ ಬಲಿಪೀಠದ ಕಡೆ ನಡೆದು ಬನ್ನಿ. ಓರೆಯಾಗಿ ಕಾಣುವ ಆ ಹಾದಿಗೇ ಚಿತ್ರ ಸರಿಹೊಂದುತ್ತದೆ. ಮ್ಯೂಸಿಯಂನಲ್ಲಿ ಇದು ತಿಳಿಯುವ ಸಂಗತಿಯೇ ಅಲ್ಲ.

ಅಲ್ಲಿಂದ ಒಳಕೋಣೆಗೆ, ಅಂದರೆ ಗುರುಗಳು ಪೂಜೆಗೆ ಸಿದ್ಧರಾಗುವ ಕೋಣೆಗೆ ಹೋಗಿ. ಅದರ ಬಾಗಿಲೇ ಬೆನೆದೆತ್ತೊ ಪೆಸಾರೊನ ಸ್ಮಾರಕ. ಅದೇ ಯುದ್ಧದಲ್ಲಿ ವೆನಿಸ್ಸಿನ ಪಡೆಯ ನಾಯಕನಾಗಿದ್ದವನು, ಮನೆತನದ ಇನ್ನೊಂದು ಕವಲಿನವನು. ಗೆಲುವು ಯಾರದೆಂಬ ಪೈಪೋಟಿ ಒಂದೇ ಚರ್ಚಿನ ಎರಡು ಮೂಲೆಯಲ್ಲಿ ಕಾಣುತ್ತದೆ. ಒಳಗೆ ಜೊವಾನ್ನಿ ಬೆಲ್ಲಿನಿ 1488ರಲ್ಲಿ ಬರೆದ ಮೂರು ಭಾಗದ ಚಿತ್ರ ಮೂಲ ಚೌಕಟ್ಟಿನಲ್ಲೇ ಇದೆ. ಮೇರಿ ಮಾತೆಯ ಅಕ್ಕಪಕ್ಕ ನಿಕೊಲಾಸ್, ಪೇತ್ರ, ಮಾರ್ಕ, ಬೆನೆಡಿಕ್ಟ್. ಇವರೇ ಯಾಕೆ? ಬರೆಸಿದ ಅಣ್ಣತಮ್ಮಂದಿರ ಹೆಸರು ನಿಕೊಲೊ, ಮಾರ್ಕೊ, ಬೆನೆದೆತ್ತೊ. ಅವರ ತಂದೆ ಪಿಯೆತ್ರೊ. ತಾಯಿಯ ಸಮಾಧಿ ಇರುವ ಜಾಗಕ್ಕಾಗಿ ಮಕ್ಕಳು ಬರೆಸಿದ್ದು. ಯಾವ ಚರ್ಚಿನಲ್ಲೇ ಆಗಲಿ, ಒಟ್ಟಿಗೆ ಸೇರಲು ಕಾರಣವೇ ಇಲ್ಲದ ಸಂತರು ಒಂದೆಡೆ ನಿಂತಿದ್ದರೆ ಮೊದಲು ಮನೆಯವರ ಹೆಸರುಗಳನ್ನು ಕೇಳಿ.

ರೋಮ್: ಪುಕ್ಕಟೆ, ಆದರೆ ಚಿಲ್ಲರೆ ಬೇಕು

ಕೈ ಬಿಗಿ ಇರುವವರಿಗೆ ರೋಮ್ ಅನುಕೂಲ. ಚಿತ್ರಕಾರ ಕಾರವಾಜೊನ ಚಿತ್ರಗಳಿರುವ ಮೂರು ಚರ್ಚುಗಳಿಗೆ ಟಿಕೆಟ್ ಇಲ್ಲ, ನಡೆದೇ ಸುತ್ತಬಹುದು. ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿನ ಕೊಂತಾರೆಲ್ಲಿ ಚಾಪೆಲಿನಲ್ಲಿ ಯೇಸುವಿನ ಶಿಷ್ಯ ಮತ್ತಾಯನ ಮೂರು ಚಿತ್ರಗಳಿವೆ. ಇಲ್ಲೂ ಹೆಸರಿನದೇ ನಂಟು: ದುಡ್ಡು ಬಿಟ್ಟು ಹೋದ ಕಾರ್ಡಿನಲ್ ಹೆಸರು ಮತ್ತೆಯೊ ಕೊಂತಾರೆಲ್ಲಿ. ಆತ 1585ರಲ್ಲೇ ತೀರಿಕೊಂಡ. ಯಾವ ದೃಶ್ಯ, ಹೇಗಿರಬೇಕು ಎಂದು ಬರೆದಿಟ್ಟಿದ್ದ. ಕಾರವಾಜೊ ಪಕ್ಕದ ಗೋಡೆಗಳ ಎರಡು ಚಿತ್ರಕ್ಕೆ 400 ಸ್ಕೂದಿಗೆ (ಆಗಿನ ರೋಮಿನ ನಾಣ್ಯ) ಒಪ್ಪಿಕೊಂಡದ್ದು 1599ರಲ್ಲಿ. ಎಡಗೋಡೆಯಲ್ಲಿ ಸುಂಕದ ಕಟ್ಟೆಯ ಮತ್ತಾಯನನ್ನು ಯೇಸು ಕರೆಯುವ ದೃಶ್ಯ. ಅದರೊಳಗಿನ ಬೆಳಕು ಬಲ ಮೇಲಿನಿಂದ ಬರುತ್ತದೆ, ಚಾಪೆಲಿನ ನಿಜವಾದ ಕಿಟಕಿಯೂ ಅದೇ ದಿಕ್ಕಿನಲ್ಲಿದೆ.

ನಡುವಿನ ಚಿತ್ರದ ಮೊದಲ ಪ್ರತಿ ತಿರಸ್ಕೃತವಾಯಿತು. ಬರಿಗಾಲಿನ ಮತ್ತಾಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ, ದೇವದೂತ ಅವನ ಕೈ ಹಿಡಿದು ಬರೆಸುತ್ತಿದ್ದ. ಕಥೊಲಿಕ ಧರ್ಮಸಭೆಯ ತ್ರೆಂತ್ ಮಹಾಸಭೆ 1563ರಲ್ಲಿ ಚಿತ್ರಗಳ ಬಗ್ಗೆ ಕೊಟ್ಟ ತೀರ್ಮಾನದ ನಂತರ, ಸಂತರಿಗೆ ತಕ್ಕ ಗೌರವ ಕಾಣಬೇಕೆಂದು ಚರ್ಚಿನವರು ಬಿಗಿಯಾಗಿ ನೋಡುತ್ತಿದ್ದ ಕಾಲ ಅದು. ಆ ಪ್ರತಿಯನ್ನು ಜುಸ್ತಿನಿಯಾನಿ ಎಂಬ ಸಿರಿವಂತ ಕೊಂಡ, ಅದು ಬರ್ಲಿನ್ ಸೇರಿ 1945ರಲ್ಲಿ ನಾಶವಾಯಿತು. ಈಗ ಬಲಿಪೀಠದ ಮೇಲಿರುವುದು 1602ರ ಎರಡನೆಯ ಪ್ರತಿ. ಹತ್ತಿರದ ಸಂತ್ ಅಗೊಸ್ತಿನೊ ಚರ್ಚಿನಲ್ಲಿ ಇದಕ್ಕೆ ವಿರುದ್ಧದ ಸಂಗತಿ: ಕವಾಲೆತ್ತಿ ಮನೆತನದ ಬಲಿಪೀಠದ ಮೇಲೆ ಮೇರಿ ಮಾತೆಗೆ ಮೊಣಕಾಲೂರಿದ ಯಾತ್ರಿಕನ ಕೆಸರುಗಾಲು ನೇರ ನೋಡುವವರ ಕಡೆಗೇ ಚಾಚಿದೆ, ಆದರೂ ಚಿತ್ರ ಉಳಿಯಿತು. ಸಾಂತಾ ಮರಿಯಾ ದೆಲ್ ಪೊಪೊಲೊ ಚರ್ಚಿನ ಚೆರಾಜಿ ಚಾಪೆಲ್ ಸ್ವಲ್ಪ ದೂರ. ಅಲ್ಲಿ ರೋಮಿನ ಕಾವಲು ಸಂತರಾದ ಪೇತ್ರ, ಪೌಲ ಎದುರುಬದುರು ಇದ್ದಾರೆ.

ರೋಮಿನಲ್ಲಿ ಕೈಕೊಡುವುದು ಬೆಳಕು. ನಾಣ್ಯ ಹಾಕಿದರೆ ಕೆಲವೇ ನಿಮಿಷ ದೀಪ ಉರಿಯುತ್ತದೆ. ಐವತ್ತು ಸೆಂಟ್, ಒಂದು ಯೂರೊ ನಾಣ್ಯಗಳು ಹತ್ತಾದರೂ ಜೇಬಿನಲ್ಲಿರಲಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆ ಬೇಗ ಹೋದರೆ ಗುಂಪೂ ಕಡಿಮೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಗುರುತುಗಳು ಕಡಿಮೆ ಇರುವುದು ಇಲ್ಲಿಯ ಇನ್ನೊಂದು ಮಿತಿ. ಕಾರವಾಜೊ ಹೂ, ಹಕ್ಕಿ, ಲಾಂಛನ ತುಂಬುವವನಲ್ಲ. ಅವನು ಕೈ, ಬೆಳಕು, ಬಟ್ಟೆಯಲ್ಲಿ ಹೇಳುತ್ತಾನೆ. ಹಾಗಾಗಿ ಮೊದಲ ಪಾಠಕ್ಕಿಂತ ಎರಡನೆಯ ಪಾಠಕ್ಕೆ ಚೆನ್ನ.

ಪೋಪರ ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಯಾಕೆ ಪಟ್ಟಿಯಲ್ಲಿಲ್ಲ ಎಂದರೆ, ಎತ್ತರವೂ ಗುಂಪೂ ಕಲಿಯಲು ಬಿಡುವುದಿಲ್ಲ. ಹೋದರೆ ಛಾವಣಿಯ ಚಿತ್ರದಲ್ಲಿ ಬೆತ್ತಲೆ ಯುವಕರ ಬಳಿಯ ಓಕ್ ಕಾಯಿಗಳ ಗೊಂಚಲನ್ನಾದರೂ ನೋಡಿ. ಬರೆಸಿದ 2ನೇ ಜೂಲಿಯಸ್ ಪೋಪರ ಮನೆತನದ ಹೆಸರು ದೆಲ್ಲಾ ರೊವೆರೆ, ಅಂದರೆ ಓಕ್ ಮರದವರು.

ಲಂಡನ್: ಜಾಗ ತಪ್ಪಿದ ಚಿತ್ರ, ಮೂಗಿನ ಹತ್ತಿರ

ಲಂಡನ್ನಿನಲ್ಲಿ ನೆಲೆಸಿದವರು, ಮಕ್ಕಳ ಮನೆಗೆ ಬಂದು ತಿಂಗಳುಗಟ್ಟಲೆ ಇರುವ ಅಪ್ಪ-ಅಮ್ಮಂದಿರು ನ್ಯಾಷನಲ್ ಗ್ಯಾಲರಿಯನ್ನು ಬಿಡಬಾರದು. ಶಾಶ್ವತ ಸಂಗ್ರಹಕ್ಕೆ ಟಿಕೆಟ್ ಇಲ್ಲ, ಬೆಳಕು ಚೆನ್ನಾಗಿದೆ, ಹತ್ತು ಸಲ ಹೋಗಬಹುದು. ಒಂದೇ ಚಿತ್ರ ಆರಿಸುವುದಾದರೆ ಕಾರ್ಲೊ ಕ್ರಿವೆಲ್ಲಿಯ 1486ರ ಶುಭವಾರ್ತೆಯ ಚಿತ್ರ, ಅಂದರೆ ಯೇಸುವಿಗೆ ತಾಯಿಯಾಗುವೆ ಎಂದು ದೇವದೂತ ಮೇರಿ ಮಾತೆಗೆ ತಿಳಿಸುವ ದೃಶ್ಯ. ಇಟಲಿಯ ಆಸ್ಕೊಲಿ ಎಂಬ ಊರಿಗೆ ಪೋಪರು ಸ್ವಯಮಾಡಳಿತ ಕೊಟ್ಟ ಸುದ್ದಿ 1482ರ ಮಾರ್ಚ್ 25ರಂದು, ಗಬ್ರಿಯೇಲ್ ಶುಭವಾರ್ತೆ ತಂದ ಹಬ್ಬದ ದಿನವೇ, ಊರು ಮುಟ್ಟಿತು. ಹಾಗಾಗಿ ಊರ ಸಂತ ಎಮಿಡಿಯೊ ಊರಿನ ಮಾದರಿ ಹಿಡಿದು ಗಬ್ರಿಯೇಲನ ಪಕ್ಕದಲ್ಲೇ ಕೂತಿದ್ದಾನೆ, ಹಿಂದಿನ ಸೇತುವೆಯ ಮೇಲೆ ಒಬ್ಬ ಪತ್ರ ಓದುತ್ತಿದ್ದಾನೆ. ಕೆಳಗೆ ಊರಿನ, ಬಿಷಪ್ಪರ, ಪೋಪರ ಲಾಂಛನಗಳು. ಮುಂಭಾಗದ ಸೇಬು ಆದಾಮನ ಪತನ, ಸೌತೆಕಾಯಿ ಪುನರುತ್ಥಾನ, ನವಿಲು ಅಮರತ್ವ ಎಂದು ಓದುವುದು ರೂಢಿ. ಗೋಡೆಯ ಕಿಂಡಿಯಿಂದ ಬಂಗಾರದ ಕಿರಣ ನೇರ ಮೇರಿ ಮಾತೆಯ ಮೇಲೆ ಬೀಳುತ್ತದೆ. ಬಲಿಪೀಠ, ಧೂಪ, ನಡೆದು ಬರುವ ಹಾದಿ ಇಲ್ಲಿಲ್ಲ. ಆದರೆ ಸೌತೆಕಾಯಿಯನ್ನು ಇಷ್ಟು ಹತ್ತಿರದಿಂದ ಯಾವ ಚರ್ಚೂ ತೋರಿಸುವುದಿಲ್ಲ.

ನಿಮಗೆ ಯಾವುದು

ಪಾಸ್‌ಪೋರ್ಟ್ ಇಲ್ಲದವರಿಗೆ, ಮಕ್ಕಳ ಜೊತೆ ಹೋಗುವವರಿಗೆ ಮಂಗಳೂರು. ಹೊರದೇಶದ ಖರ್ಚು ಮಾಡುವ ಮುಂಚೆ ನಿಮಗೆ ಇದರಲ್ಲಿ ನಿಜವಾಗಿ ಆಸಕ್ತಿ ಇದೆಯೇ ಎಂದೂ ಅಲ್ಲೇ ತಿಳಿಯುತ್ತದೆ. ಸಂಕೇತಗಳ ಅಕ್ಷರಮಾಲೆ ಬೇಕಾದರೆ ಲಂಡನ್. ದುಡ್ಡು ಕೊಟ್ಟವನ ಮನಸ್ಸು ತಿಳಿಯಬೇಕಾದರೆ ಪಾದುವಾ, ಅವನ ಮನೆತನ ತಿಳಿಯಬೇಕಾದರೆ ವೆನಿಸ್. ಚರ್ಚು ಮತ್ತು ಚಿತ್ರಕಾರನ ನಡುವಿನ ಜಗ್ಗಾಟ ಬೇಕಾದರೆ ರೋಮ್. ಇಟಲಿಯಲ್ಲಿ ಒಂದೇ ದಿನ ಸಿಕ್ಕಿದರೆ ರೋಮ್ ಬಿಟ್ಟು ಉತ್ತರಕ್ಕೆ ಹೋಗಿ ಎಂದೇ ನಮ್ಮ ಸಲಹೆ. ಪಾದುವಾದಿಂದ ವೆನಿಸ್ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬೆಳಗಿನ ಮೊದಲ ಸರದಿಗೆ ಚಾಪೆಲ್ ಬುಕ್ ಮಾಡಿ, ಮಧ್ಯಾಹ್ನ ಫ್ರಾರಿಗೆ ಎರಡು ಗಂಟೆ ಇಡಿ. ಭಾನುವಾರವಾದರೆ ಬೆಳಿಗ್ಗೆ ಫ್ರಾರಿಯಲ್ಲಿ ಪೂಜೆ ಇರುತ್ತದೆ, ನೋಡಲು ಬಿಡುವುದು ಮಧ್ಯಾಹ್ನದ ಮೇಲೆ, ಆ ದಿನಕ್ಕೂ ಇದೇ ಕ್ರಮ ಸರಿಹೋಗುತ್ತದೆ.